ನಡಾವಳಿ

ಇಪ್ಪತ್ತೊಂದು ವರ್ಷ ಆತು,
ಈ ಸಿಮೆಂಟ್ ಫ್ಯಾಕ್ಟರಿ ಮೀಟಿಂಗಿನ ನಡಾವಳಿ ಬರಿಯಾವ ನಾ.
ಹೆಸರು ದಸ್ತಗೀರ, ಊರು ಚಿತ್ತಾಪುರ ಹತ್ರ.
ಬರಿಯೂದಂದ್ರ ಏನ್ರಿ, ಅಳಿಸೂದೇ:
ಯಾರರೆ ಕೆಮ್ಮಿದ್ರ ಬರಿಯಂಗಿಲ್ಲ,
ನಕ್ಕರ ಬರಿಯಂಗಿಲ್ಲ,
'ಚರ್ಚಿಸಲಾಯಿತು' ಅಂತ ಒಂದು ಚಾದರ ಹಾಸಿ
ಎಲ್ಲಾ ಅದರ ತೆಳಗ.

ನೆಲ ಶಹಾಬಾದ ಫರಸಿ, ಅದರ ಮ್ಯಾಲ ಗಾಲಿಚ.
ಮೇಜಿನ ಸುತ್ತ ಹನ್ನೊಂದು ಕುರ್ಚಿ.
ಅಣ್ಣ, ತಮ್ಮ, ಅಣ್ಣನ ಅಳಿಯ, ತಮ್ಮನ ಆಡಿಟರು,
ಆಡಿಟರನ ಜೋಡಿ ಹಾಸ್ಟೆಲಿನ್ಯಾಗ ಇದ್ದವರು.
ಮುಂಜಾನಿ ಹೈದರಾಬಾದಿಂದ ಕಾರಿನಾಗ ಬಂದು
ಸಂಜಿಮುಂದ ಹೋಗ್ತಿದ್ರು, ಕಿಡಕಿ ಇಳಸದೆ.
ಒಬ್ಬರು ಕೈ ಎತ್ತಿದ್ರ
ಹನ್ನೊಂದು ಕಂಕುಳ ಕಾಣತಿದ್ದವು.

ಪರಿಸರ ಅಂಬೂದು ಒಂಬತ್ತನೇ ಬಾಬತ್ತು,
ಊಟದ ಹೊಸ್ತಿಲ ಮ್ಯಾಲ.
ಅಲ್ಲಿಗೆ ಬರೂದ್ರಾಗ ಬಿರಿಯಾನಿ ವಾಸನಿ ಒಳಗ ಬಂದಿರ್ತಿತ್ತು.
ಸಾವಿರ ಸಸಿ ನೆಟ್ಟೀವಿ. ಪಾಸ್.
ಆ ಸಾವಿರ ಸಸಿ ನಾ ನಾಕು ವರ್ಷ ಬರದೀನಿ.
ಅವೇ ಸಾವಿರ.

ಕಾಯ್ದೆ ಬಂತು, ಒಬ್ಬ ಹೆಣ್ಮಗಳು ಬೇಕು ಅಂತ.
ಮೊದಲ ಅಣ್ಣನ ಹೆಂಡ್ತಿ ಬಂದ್ರು.
ಹನ್ನೆರಡನೇ ಕಂಕುಳ.
ಅವರು ಬ್ಯಾಸತ್ತು ಬಿಟ್ಟ ಮ್ಯಾಲ
ಯಾರೋ ಹೆಸರು ಹೇಳಿದ್ರು: ಜಗದೇವಿ ಕಟ್ಟಿಮನಿ,
ಕರೆಂಟ್ ಆಫೀಸಿನ್ಯಾಗ ಇಂಜಿನಿಯರಾಗಿ ರಿಟೈರ್ ಆದಾಕಿ.
ಈ ಕಡಿಯವರೂ ಒಬ್ರು ಇರಲಿ, ಫೋಟೋಕ್ಕ ಛಲೋ.

ಎರಡು ಮೀಟಿಂಗ್ ಸುಮ್ಮ ಕುಂತ್ರು.
ಮೂರನೇದ್ರಾಗ, ಒಂಬತ್ತಕ್ಕ, ಚಷ್ಮಾ ತಗದು
'ಧೂಳು ಹಿಡಿಯೋ ಮಿಷಿನ್ನಿಗಿ ಬ್ಯಾರೆ ಮೀಟರ್ ಅದ ಏನ್ರಿ?'
ಅದರಿ ಮೇಡಂ.
'ರಾತ್ರಿ ರೀಡಿಂಗ್ ತರಸ್ರಿ.'

ಬಿರಿಯಾನಿ ಆರಿತು.
ಹನ್ನೊಂದರಿಂದ ನಸುಕಿನ ನಾಕರ ತನಾ ಸೊನ್ನಿ.
ಮರುದಿನ ಸೊನ್ನಿ. ವಾರಪೂರ್ತಿ ಸೊನ್ನಿ,
ದಾರಕ್ಕ ಪೋಣಿಸಿದ ಬಳಿ ಹಂಗ.

ಇದು ಸಣ್ಣ ಟೆಕ್ನಿಕಲ್ ವಿಷಯ ಬಿಡ್ರಿ, ಅಂದ್ರು ಅಳಿಯಾವ್ರು.
ಆಕಿ ಅಂದ್ರು:
'ನಿಮ್ಮೊಳಗ ಯಾರರೆ ಅರವಿ ಒಣಹಾಕೀರೇನ್ರಿ?
ಈ ಸೀಮ್ಯಾಗ ರಾತ್ರಿ ಹೊರಗ ಹಾಕಂಗಿಲ್ಲ.
ಹಾಕಿದ್ರ ಮುಂಜಾನಿ ಅಂಗಿ ತಾನೇ ನಿಂದರ್ತದ,
ಒಳಗ ಮನಷ್ಯಾ ಇಲ್ಲದೆ.'

ನನ್ನ ಪೆನ್ನು ನಿಂತಿತು.
ಬಿಲ್ಕೀಸ ನನ್ನ ಅಂಗಿ ಹಗಲೊತ್ತೇ ಒಣಹಾಕ್ತಾಳ,
ಹೊತ್ತು ಮುಳುಗೂ ಮೊದಲು ಓಡಿ ತಗೀತಾಳ.
ಆ ಬಿಳಿ ಅಂಗಿ ತೊಟ್ಟು ಇಷ್ಟು ವರ್ಷ ಈ ಮೂಲ್ಯಾಗ ಕುಂತೀನಿ,
ಯಾಕ ಅಂತ ಒಂದಿನಾ ಕೇಳಿಲ್ಲ.

ಪರ: ಒಂದು. ವಿರುದ್ಧ: ಹತ್ತು.
ಒಬ್ರು ಫೋನಿನ್ಯಾಗ ಇದ್ರು.
'ಚರ್ಚಿಸಲಾಯಿತು' ಅಂತ ಬರೀ ಅಂದ್ರು.
ಅರವಿ ಮಾತು ಇದ್ದಂಗೇ ಬರದೆ.
ಕೆಂಪು ಗೀಟು ಬಿತ್ತು. ನೌಕರಿ ಹೋಗಲಿಲ್ಲ,
ಇಂಕ್ರಿಮೆಂಟ್ ಹೋತು.

ಎರಡು ವರ್ಷಕ್ಕ ಬ್ಯಾಂಕಿನವ್ರು ತಮ್ಮ ಕಡಿಯಾಕಿ ಒಬ್ಬಾಕಿನ ಕೂಡಿಸಿದ್ರು,
ಸಾಲ ಅವರದಲ್ಲ, ಕುರ್ಚಿನೂ ಅವರದು.
ಆಮ್ಯಾಲ ಬೀದರ ಕಡಿಯಾಕಿ, ಮಣ್ಣು ಓದಿದಾಕಿ.
ಒಬ್ಬಾಕಿ ಕೇಳಿದ್ರ ಹಟ ಅಂತಿದ್ರು,
ಇಬ್ರು ಕೇಳಿದ್ರ ಗುಸುಗುಸು.
ಮೂರು ಮಂದಿ ಆದ ದಿನ
ಅಣ್ಣಾವ್ರೇ ಒಂಬತ್ತನ್ನ ಎರಡಕ್ಕ ತಂದ್ರು.
ಊಟಕ್ಕ ಇನ್ನೂ ಮೂರು ತಾಸಿತ್ತು.

ಧೂಳು ನಿಂತದ ಅಂತ ನಾ ಬರಿಯಂಗಿಲ್ಲ.
ತೊಗರಿ ಎಲಿ ಮ್ಯಾಲ ಬೆರಳಾಡಿಸಿದ್ರ ಈಗೂ ಗೆರಿ ಮೂಡ್ತದ.
ಕುರ್ಚಿ ಬದಲಾದದ್ದಕ್ಕೋ, ದಂಡದ ಅಂಜಿಕಿಗೋ,
ಸಾಲದ ಬಡ್ಡಿಗೋ, ನನಗ ಗೊತ್ತಿಲ್ಲ.
ಮೀಟರ್ ರಾತ್ರಿ ತಿರಗ್ತದ. ಅಷ್ಟು ಖರೆ,
ಗೇಟಿನ ವಾಚ್‌ಮನ್ ಗೂಳಪ್ಪಗ ನಾನೇ ಕೇಳೀನಿ.

ನಿನ್ನಿ ಮಂಗಳವಾರ ಬಿಲ್ಕೀಸ
ಒಂದು ಅಂಗಿ ರಾತ್ರಿ ಹೊರಗ ಬಿಟ್ಟಿದ್ಲು,
ಮರತೋ, ಬೇಕಂತ್ಲೋ.
ಮುಂಜಾನಿ ನೋಡಿದ್ರ ಕಾಲರ್ ಅಷ್ಟು ಸೆಡದಿತ್ತು.
ಝಾಡಿಸಿ ಹಾಕ್ಕೊಂಡೆ.